‘ಜಾನೇ ಭಿ ದೋ ಯಾರೋ’ ಮತ್ತು ‘ಯೇ ಜೋ ಹೈ ಜಿಂದಗಿ’: ನಂಟು ಎಷ್ಟು ಗಟ್ಟಿ?

ರೀಲುಪೆಟ್ಟಿಗೆ:

ಈ ವಿಷಯ ತುಂಬಾ ದಿನದಿಂದ ತಲೆ ಕೊರೆಯುತ್ತಿದೆ. ಗೊತ್ತಿರುವವರು ಇಲ್ಲಿ ಜಾಸ್ತಿ ಇದ್ದೀರಿ, ಅದಕ್ಕೇ ಹಾಕುತ್ತಿದ್ದೇನೆ.

1983ರ ಆಗಸ್ಟ್‌ನಲ್ಲಿ ‘ಜಾನೇ ಭಿ ದೋ ಯಾರೋ’ ತೆರೆಗೆ ಬಂತು. ಮಾರನೇ ವರ್ಷ ದೂರದರ್ಶನದಲ್ಲಿ ‘ಯೇ ಜೋ ಹೈ ಜಿಂದಗಿ’ ಶುರುವಾಯಿತು. ಸಿನಿಮಾ ಮಾಡಿದವರು ಕುಂದನ್ ಶಾ. ಧಾರಾವಾಹಿಯ ನಿರ್ದೇಶಕರಲ್ಲಿ ಒಬ್ಬರೂ ಅವರೇ. ಸತೀಶ್ ಶಾ ಎರಡರಲ್ಲೂ ಇದ್ದಾರೆ. ಇಷ್ಟು ಎಲ್ಲರಿಗೂ ಗೊತ್ತಿರುವುದೇ.

ಆದರೆ ಎರಡನ್ನೂ ಹಿಂದೆ ಮುಂದೆ ನೋಡಿದರೆ ನನಗೆ ಇನ್ನೊಂದು ಕಾಣುತ್ತದೆ. ಆ ಸಿನಿಮಾಗೆ ಎರಡನೇ ಭಾಗ ಬರಲೇ ಇಲ್ಲ ಅಂತ ಜನ ಬೇಜಾರು ಮಾಡಿಕೊಳ್ಳುತ್ತಾರಲ್ಲ, ನನ್ನ ಪ್ರಕಾರ ಬಂದಿದೆ. ಶುಕ್ರವಾರ ರಾತ್ರಿ ಟಿವಿಯಲ್ಲಿ ಬಂತು. ಕಥೆ ಬೇರೆ, ಪಾತ್ರ ಬೇರೆ. ನಗಿಸುವ ರೀತಿ ಮಾತ್ರ ಅದೇ.

ರೀತಿ ಅಂದರೆ ಏನು ಅಂತ ಹೇಳಬೇಕು. ಸಿನಿಮಾದಲ್ಲಿ ವಿನೋದ್ (ನಾಸಿರುದ್ದೀನ್ ಶಾ) ಮತ್ತು ಸುಧೀರ್ (ರವಿ ಬಸ್ವಾನಿ) ಮುಂಬೈಯಲ್ಲಿ ಫೋಟೋ ಸ್ಟುಡಿಯೋ ತೆರೆಯುತ್ತಾರೆ. ಗಿರಾಕಿ ಬರುವುದಿಲ್ಲ. ಪತ್ರಿಕೆಯೊಂದರ ಸಂಪಾದಕಿ ಕೊಟ್ಟ ಕೆಲಸಕ್ಕೆ ಹೋಗಿ ಕೊಲೆಯ ಸುಳಿವು ಹಿಡಿಯುತ್ತಾರೆ. ಆಮೇಲೆ ಒಂದು ಸುಳ್ಳು ಮುಚ್ಚಲು ಇನ್ನೊಂದು ಸುಳ್ಳು, ಒಂದು ವೇಷ ಬಿಟ್ಟರೆ ಇನ್ನೊಂದು ವೇಷ. ಎಷ್ಟೇ ಅಸಂಬದ್ಧ ನಡೆದರೂ ಪಾತ್ರಗಳು ನಗುವುದಿಲ್ಲ. ಪ್ರತಿಯೊಬ್ಬರಿಗೂ ತಮ್ಮ ಕೆಲಸ ಆಗಬೇಕು, ಅಷ್ಟೇ. ‘ಯೇ ಜೋ ಹೈ ಜಿಂದಗಿ’ಯಲ್ಲಿ ರಂಜಿತ್, ರೇಣು, ರೇಣುವಿನ ತಮ್ಮ ರಾಜಾ ಒಂದು ಹಾಲ್‌ನಲ್ಲಿ ಮಾಡುವುದೂ ಇದನ್ನೇ. ಸಿನಿಮಾದಲ್ಲಿ ಎಲ್ಲರೂ ಎಳೆದಾಡುವ ಹೆಣದ ಬದಲು ಇಲ್ಲಿ ಮನೆಗೆ ಬಂದ ಅತಿಥಿ ಇರುತ್ತಾನೆ.

ನಿಮಗೇನನ್ನಿಸುತ್ತದೆ?

ಆಂಟೆನಾ:

ಪೂರ್ತಿ ಒಪ್ಪುತ್ತೇನೆ. ಸತೀಶ್ ಶಾ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಈ ನಂಟಿನ ಜೀವ ಇರುವುದು ಅವರಲ್ಲೇ.

ಸಿನಿಮಾದಲ್ಲಿ ಅವರು ಮುನಿಸಿಪಲ್ ಕಮಿಷನರ್ ಡಿಮೆಲ್ಲೋ. ಲಂಚಕೋರ. ಮೊದಲರ್ಧದಲ್ಲಿ ಕೇಕ್ ತಿನ್ನುತ್ತಾ ಅಮೆರಿಕದ ಗುಣಗಾನ ಮಾಡುತ್ತಾನೆ. ಆಮೇಲೆ ಸಾಯುತ್ತಾನೆ. ಅಲ್ಲಿಂದ ಮುಂದಕ್ಕೆ ಸತೀಶ್ ಶಾ ಹೆಣವಾಗಿ ನಟಿಸಿದ್ದಾರೆ. ಶವಪೆಟ್ಟಿಗೆಯಲ್ಲಿ ಕೂತಿರುತ್ತಾರೆ, ಕಾಲಿಗೆ ಚಕ್ರ ಕಟ್ಟಿಸಿಕೊಂಡು ಜಾರುತ್ತಾರೆ, ಕೊನೆಗೆ ಸೀರೆ ಉಟ್ಟು ದ್ರೌಪದಿ ಆಗುತ್ತಾರೆ. ಮಾತಿಲ್ಲ, ಕಣ್ಣಿನ ಚಲನೆ ಇಲ್ಲ. ಆದರೂ ನಮ್ಮ ಕಣ್ಣು ಅವರನ್ನೇ ಹುಡುಕುತ್ತದೆ. ಹೆಣದ ಭಾರ ಎಲ್ಲಿ ಬೀಳಬೇಕು, ತಲೆ ಎಷ್ಟು ವಾಲಬೇಕು ಅನ್ನುವ ಲೆಕ್ಕ ಆ ಮೈಗೆ ಗೊತ್ತಿತ್ತು.

ಧಾರಾವಾಹಿಯಲ್ಲಿ ಇದು ಪೂರ್ತಿ ತಿರುಗಿತು. ಕಂತಿಗೊಂದು ಹೊಸ ಪಾತ್ರ. ಒಂದು ವಾರ ಫೋಟೋಗ್ರಾಫರ್, ಇನ್ನೊಂದು ವಾರ ಇನ್ಯಾರೋ. 50ಕ್ಕೂ ಹೆಚ್ಚು ಪಾತ್ರ ಮಾಡಿದ್ದಾರೆ. ಪ್ರತಿ ಪಾತ್ರಕ್ಕೂ ಬೇರೆ ನಡಿಗೆ, ಬೇರೆ ಉಚ್ಚಾರ, ಬೇರೆ ಮೀಸೆ. ಒಂದು ವರ್ಷದ ಹಿಂದೆ ಬಾಯಿ ಬಿಡದೆ ನಗಿಸಿದ ಮನುಷ್ಯನಿಗೆ ಈಗ ವಾರಕ್ಕೊಂದು ಬಾಯಿ ಸಿಕ್ಕಿತು. ಇಷ್ಟು ಹತ್ತಿರ ಹತ್ತಿರ ಈ ಎರಡೂ ತುದಿ ಮುಟ್ಟಿದ ನಟ ನಮ್ಮ ದೇಶದಲ್ಲಿ ಬೇರೆ ಯಾರಿದ್ದಾರೆ ಹೇಳಿ.

ಕಪ್ಪುಬಿಳುಪು:

ಇಲ್ಲಿ ನನ್ನದೊಂದು ತಕರಾರು ಇದೆ.

‘ಯೇ ಜೋ ಹೈ ಜಿಂದಗಿ’ ಬರೆದವರು ಶರದ್ ಜೋಶಿ. ಹಿಂದಿಯ ದೊಡ್ಡ ವಿಡಂಬನೆಕಾರ. ನಾವು ನೆನಪಿಟ್ಟುಕೊಂಡಿರುವ ಮಾತುಗಳೆಲ್ಲ ಅವರ ಪೆನ್ನಿನಿಂದ ಬಂದವು. ನಿರ್ದೇಶನದಲ್ಲೂ ಕುಂದನ್ ಶಾ ಜೊತೆ ಬೇರೆಯವರು ಇದ್ದರು. ಸಿನಿಮಾಗೆ ಸಂಭಾಷಣೆ ಬರೆದವರು ರಂಜಿತ್ ಕಪೂರ್ ಮತ್ತು ಸತೀಶ್ ಕೌಶಿಕ್. ಇಬ್ಬರೂ ನಾಟಕದಿಂದ ಬಂದವರು. ಹಾಗಾಗಿ ಎರಡರ ಮಾತಿನ ಗುಣವೇ ಬೇರೆ. ಸಿನಿಮಾದ ಮಾತು ರಂಗದ ಮೇಲಿನ ಮಾತಿನ ಹಾಗೆ ಏರುತ್ತಾ ಹೋಗುತ್ತದೆ, ಕೊನೆಗೆ ಗದ್ದಲ ಆಗುತ್ತದೆ. ಶರದ್ ಜೋಶಿಯವರದು ಮೆಲ್ಲಗೆ ಚಿವುಟುವ ಮಾತು. ಗಂಡ ಹೆಂಡತಿ ಜಗಳ ಆಡಿದರೂ ಪಕ್ಕದ ಮನೆಗೆ ಕೇಳಿಸದ ಹಾಗೆ.

ಇದನ್ನು ಎರಡನೇ ಭಾಗ ಅಂದರೆ ಶರದ್ ಜೋಶಿಗೆ ಅನ್ಯಾಯ ಆಗುತ್ತದೆ. ಬೇಕಾದರೆ ಒಂದೇ ಬೀದಿಯ ಎರಡು ಮನೆ ಅನ್ನಿ.

ಶುಕ್ರವಾರ_ರಾತ್ರಿ:

ಕಪ್ಪುಬಿಳುಪು ಅವರೇ, ನಿಮ್ಮ ಮಾತಿನಲ್ಲಿ ತೂಕ ಇದೆ. ಆದರೆ ಇದನ್ನು ಸ್ವಲ್ಪ ಗಮನಿಸಿ.

ಸಿನಿಮಾದ ಮಹಾಭಾರತದ ದೃಶ್ಯ ನೆನಪಿದೆಯಲ್ಲ? ದ್ರೌಪದಿ ವಸ್ತ್ರಾಪಹರಣದ ನಾಟಕ ನಡೆಯುತ್ತಿರುತ್ತದೆ. ಹೆಣ ಎಳೆದುಕೊಂಡು ಎಲ್ಲರೂ ರಂಗಕ್ಕೆ ನುಗ್ಗುತ್ತಾರೆ. ಓಂ ಪುರಿ ತಂಪು ಕನ್ನಡಕ ಹಾಕಿಕೊಂಡು ಭೀಮನಾಗಿ ಬರುತ್ತಾರೆ. ವಸ್ತ್ರಾಪಹರಣವೇ ಬೇಡ ಅಂತ ದುರ್ಯೋಧನ ಅನ್ನುತ್ತಾನೆ. ಎಲ್ಲಿಂದಲೋ ಸಲೀಂ, ಅನಾರ್ಕಲಿ ಬೇರೆ ಬರುತ್ತಾರೆ. ಈ ಗಲಾಟೆಯ ನಡುವೆ ಕುರುಡ ಧೃತರಾಷ್ಟ್ರ ಸಿಂಹಾಸನದಲ್ಲಿ ಕೂತು “ಯೇ ಕ್ಯಾ ಹೋ ರಹಾ ಹೈ” ಅಂತ ಕೇಳುತ್ತಲೇ ಇರುತ್ತಾನೆ.

ಈಗ ‘ಯೇ ಜೋ ಹೈ ಜಿಂದಗಿ’ಗೆ ಬನ್ನಿ. ರಂಜಿತ್‌ನ ಬಾಸ್ ಆಗಿ ಟೀಕು ತಲ್ಸಾನಿಯಾ. ಅವರ ಹೆಸರು ಮನೆಮಾತಾಗಿದ್ದು ಯಾವ ಮಾತಿನಿಂದ? ಇದೇ “ಯೇ ಕ್ಯಾ ಹೋ ರಹಾ ಹೈ”!

ಬೇಕೆಂದೇ ಹಾಗೆ ಮಾಡಿದರು ಅಂತ ನಾನು ಹೇಳುತ್ತಿಲ್ಲ. ದಿನಾ ಬಳಸುವ ಮಾತು ಅದು. ಆದರೆ ಎರಡೂ ಕಡೆ ಆ ಮಾತು ಮಾಡುವ ಕೆಲಸ ಒಂದೇ. ದೊಡ್ಡ ಕುರ್ಚಿಯಲ್ಲಿ ಕೂತವನಿಗೆ ತನ್ನ ಕಣ್ಣೆದುರು ನಡೆಯುವುದು ಅರ್ಥವೇ ಆಗುವುದಿಲ್ಲ. ನನಗೆ ಇದು ಗೊತ್ತಾದ ದಿನ ಎಷ್ಟು ಖುಷಿಯಾಯಿತು ಅಂದರೆ, ಎರಡನ್ನೂ ಮತ್ತೆ ಹಾಕಿಕೊಂಡು ನೋಡಿದೆ.

ಹಗಲುವೇಷ:

ಆ ಧೃತರಾಷ್ಟ್ರನ ಮಾತು ಎಷ್ಟು ಚೆನ್ನಾಗಿ ಹಿಡಿದಿರಿ! ಸಣ್ಣದೊಂದು ಸೇರಿಸುತ್ತೇನೆ. ಆ ದೃಶ್ಯದಲ್ಲಿ ದುಶ್ಶಾಸನ ಆಗಿರುವುದು ವಿಧು ವಿನೋದ್ ಚೋಪ್ರಾ. ಸಿನಿಮಾದ ನಿರ್ಮಾಣದ ಓಡಾಟವೆಲ್ಲ ಅವರ ತಲೆ ಮೇಲಿತ್ತು. ನಾಯಕರಿಬ್ಬರ ಹೆಸರು ವಿನೋದ್ ಚೋಪ್ರಾ ಮತ್ತು ಸುಧೀರ್ ಮಿಶ್ರಾ. ಅಂದರೆ ಜೊತೆಗೆ ಕೆಲಸ ಮಾಡುತ್ತಿದ್ದ ಗೆಳೆಯರ ಹೆಸರನ್ನೇ ಕುಂದನ್ ಶಾ ಇಟ್ಟುಬಿಟ್ಟರು.

ರೀಲುಪೆಟ್ಟಿಗೆ:

ಅದು ಗೆಳೆಯರ ಸಿನಿಮಾನೇ. ಸರ್ಕಾರದ ಚಲನಚಿತ್ರ ಸಂಸ್ಥೆ ಎನ್‌ಎಫ್‌ಡಿಸಿ ದುಡ್ಡು, ಒಟ್ಟು ಖರ್ಚು 7 ಲಕ್ಷದ ಆಸುಪಾಸು. ಆ ಕಾಲಕ್ಕೂ ಅದು ತೀರಾ ಕಡಿಮೆ. ನಾಸಿರುದ್ದೀನ್ ಶಾ ತಮ್ಮದೇ ಕ್ಯಾಮೆರಾ ಕೊಟ್ಟಿದ್ದರು, ಶೂಟಿಂಗ್ ಸಮಯದಲ್ಲಿ ಅದೂ ಕಳುವಾಯಿತು. ಫೋಟೋ ಸ್ಟುಡಿಯೋದ ಕಲ್ಪನೆ ಬಂದಿದ್ದು ಕೂಡ ಹೈದರಾಬಾದ್‌ನಲ್ಲಿ ಸ್ಟುಡಿಯೋ ತೆರೆದು ಕಷ್ಟಪಟ್ಟ ಕುಂದನ್ ಶಾ ಅವರ ಸಹಪಾಠಿಗಳಿಂದ.

ಇಷ್ಟು ಕಡಿಮೆ ದುಡ್ಡಿನಲ್ಲಿ ಕೆಲಸ ಮಾಡಿದ ಅಭ್ಯಾಸ ಟಿವಿಗೆ ನೇರವಾಗಿ ಉಪಯೋಗಕ್ಕೆ ಬಂತು ಅಂತ ನನಗನ್ನಿಸುತ್ತದೆ. ಸಿನಿಮಾದ ಫೋನ್ ದೃಶ್ಯ ನೋಡಿ. ನಾಸಿರ್ ಮತ್ತು ಸತೀಶ್ ಕೌಶಿಕ್ ಒಂದೇ ಕೋಣೆಯಲ್ಲಿ, ಬೆನ್ನಿಗೆ ಬೆನ್ನು, ಇಬ್ಬರ ಕೈಯಲ್ಲೂ ರಿಸೀವರ್. ಪಕ್ಕದಲ್ಲೇ ನಿಂತವನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಾರೆ, ಇಬ್ಬರಿಗೂ ಗೊತ್ತಾಗುತ್ತಿಲ್ಲ. ಅದಕ್ಕೆ ಬೇಕಾಗಿದ್ದು ಒಂದು ಕೋಣೆ, ಎರಡು ಫೋನು, ಸಮಯಪ್ರಜ್ಞೆ ಇರುವ ಇಬ್ಬರು ನಟರು. ಟಿವಿ ಹಾಸ್ಯಕ್ಕೆ ಬೇಕಾದ್ದೂ ಇಷ್ಟೇ ಅಲ್ವಾ?

ಸಂಜೆಮಳೆ:

ನಾನು ಇವೆಲ್ಲ ಬಂದು ಎಷ್ಟೋ ವರ್ಷ ಆದಮೇಲೆ ನೋಡಿದವಳು. ಹಳಬರಿಗೆ ಒಂದು ಪ್ರಶ್ನೆ. ಈ ಸಿನಿಮಾ ಬಂದಾಗ ಓಡಲಿಲ್ಲ ಅನ್ನುತ್ತಾರೆ. ಹಾಗಿದ್ದರೆ ಇಷ್ಟು ಜನಕ್ಕೆ ಹೇಗೆ ತಲುಪಿತು? ಮತ್ತೆ, ಧಾರಾವಾಹಿ ಆಗಲೇ ಅಷ್ಟು ಹಿಟ್ ಆಗಿತ್ತಾ?

ಆಂಟೆನಾ:

ಸಂಜೆಮಳೆ ಅವರೇ, ಒಳ್ಳೇ ಪ್ರಶ್ನೆ. ಎರಡಕ್ಕೂ ಉತ್ತರ ಟಿವಿನೇ.

1982ರ ಏಷ್ಯನ್ ಗೇಮ್ಸ್ ಹೊತ್ತಿಗೆ ಬಣ್ಣದ ಟಿವಿ ಬಂತು. 1984ರಲ್ಲಿ ಊರೂರಿಗೆ ಟ್ರಾನ್ಸ್‌ಮಿಟರ್ ಹಾಕುತ್ತಾ ಹೋದರು. ಅದೇ ವರ್ಷ ಜುಲೈನಲ್ಲಿ ‘ಹಮ್ ಲೋಗ್’, ಆಮೇಲೆ ‘ಯೇ ಜೋ ಹೈ ಜಿಂದಗಿ’. ಇದ್ದದ್ದು ಒಂದೇ ಚಾನೆಲ್. ಪ್ರಾಯೋಜಕರ ದುಡ್ಡಿನಲ್ಲಿ ಧಾರಾವಾಹಿ ಮಾಡುವ ಪದ್ಧತಿಯೂ ಆಗಲೇ ಶುರುವಾಗಿದ್ದು. ಇದಕ್ಕೆ ವಿಕ್ಕೋದವರ ಪ್ರಾಯೋಜನೆ ಇತ್ತು. ಕಿಶೋರ್ ಕುಮಾರ್ ಹಾಡಿದ ಶೀರ್ಷಿಕೆ ಗೀತೆ ಶುರುವಾದರೆ ಟಿವಿ ಇದ್ದವರ ಮನೆಯಲ್ಲಿ ಅಕ್ಕಪಕ್ಕದವರೂ ಸೇರುತ್ತಿದ್ದರು. ಹಿಂದಿ ಅಷ್ಟಾಗಿ ಬಾರದವರೂ ಸತೀಶ್ ಶಾ ಮುಖ ನೋಡಿ ನಗುತ್ತಿದ್ದರು.

ಸಿನಿಮಾಗೆ ಒಳ್ಳೇ ಹೆಸರು ಬಂತು. ಮೊದಲ ಚಿತ್ರದ ನಿರ್ದೇಶಕರಿಗೆ ಕೊಡುವ ರಾಷ್ಟ್ರಪ್ರಶಸ್ತಿ ಕುಂದನ್ ಶಾ ಅವರಿಗೆ ಸಿಕ್ಕಿತು. ರವಿ ಬಸ್ವಾನಿಗೆ ಫಿಲ್ಮ್‌ಫೇರ್‌ನವರು ಹಾಸ್ಯನಟ ಪ್ರಶಸ್ತಿ ಕೊಟ್ಟರು. ಆದರೆ ಜನ ಅದನ್ನು ನಿಜವಾಗಿ ತಮ್ಮದು ಮಾಡಿಕೊಂಡಿದ್ದು ದೂರದರ್ಶನದಲ್ಲಿ, ಕ್ಯಾಸೆಟ್‌ನಲ್ಲಿ ಮತ್ತೆ ಮತ್ತೆ ನೋಡಿ. 2012ರಲ್ಲಿ ಎನ್‌ಎಫ್‌ಡಿಸಿಯವರು ಪ್ರಿಂಟ್ ಸರಿಪಡಿಸಿ ಥಿಯೇಟರಿಗೆ ತಂದರು. ಸಿನಿಮಾದ ಹೆಸರು ಉಳಿಸಿದ್ದೂ, ಅದರ ತಂಡಕ್ಕೆ ಕೆಲಸ ಕೊಟ್ಟಿದ್ದೂ ಅದೇ ಟಿವಿ ಪೆಟ್ಟಿಗೆ.

ಮೂರನೇಬೆಂಚು:

ಎಲ್ಲರೂ ‘ಯೇ ಜೋ ಹೈ ಜಿಂದಗಿ’ ಅಂತಲೇ ಹೇಳುತ್ತಿದ್ದೀರಿ. ಈ ಸಿನಿಮಾದ ನಿಜವಾದ ವಾರಸುದಾರ ಬೀದಿ ಮೂಲೆಯ ಜನರ ಧಾರಾವಾಹಿ ‘ನುಕ್ಕಡ್’. ಇದಕ್ಕೆ ನಾನು ಕಡೇವರೆಗೂ ವಾದ ಮಾಡುತ್ತೇನೆ.

ಕಾರಣ ಹೇಳುತ್ತೇನೆ. ಸಿನಿಮಾದಲ್ಲಿ ಗುಟ್ಟಿನ ಸಂಕೇತವಾಗಿ ಬಳಸುವ ಮಾತು ಯಾವುದು? ‘ಆಲ್ಬರ್ಟ್ ಪಿಂಟೋ ಕೋ ಗುಸ್ಸಾ ಕ್ಯೋಂ ಆತಾ ಹೈ’. ಅದು ಸಯೀದ್ ಮಿರ್ಜಾ ಅವರ 1980ರ ಸಿನಿಮಾದ ಹೆಸರು. ಅದರಲ್ಲಿ ಪಿಂಟೋ ಆಗಿದ್ದವರು ಇದೇ ನಾಸಿರ್. 1986ರಲ್ಲಿ ಕುಂದನ್ ಶಾ ಮತ್ತು ಅದೇ ಸಯೀದ್ ಮಿರ್ಜಾ ಸೇರಿ ‘ನುಕ್ಕಡ್’ ನಿರ್ದೇಶಿಸಿದರು. ಪಿಂಟೋ ಸಿನಿಮಾದಲ್ಲಿದ್ದ ದಿಲೀಪ್ ಧವನ್ ಇಲ್ಲಿ ಗುರು. ‘ಜಾನೇ ಭಿ ದೋ ಯಾರೋ’ ಮಾಡುವಾಗ ತೆರೆ ಹಿಂದೆ ಓಡಾಡುತ್ತಿದ್ದ ಪವನ್ ಮಲ್ಹೋತ್ರಾ ಇಲ್ಲಿ ಸೈಕಲ್ ರಿಪೇರಿ ಮಾಡುವ ಹರಿ. ಇದಕ್ಕಿಂತ ಗಟ್ಟಿ ನಂಟು ಬೇಕಾ?

ಅದಕ್ಕಿಂತ ಮುಖ್ಯ ಇನ್ನೊಂದಿದೆ. ವಿನೋದ್ ಮತ್ತು ಸುಧೀರ್ ಬಡವರು. ಅವರ ಸಿಟ್ಟು ದುಡ್ಡಿಲ್ಲದವರ ಸಿಟ್ಟು. ಬಿಲ್ಡರ್, ಅಧಿಕಾರಿ, ಪತ್ರಿಕೆಯವರು ಎಲ್ಲರೂ ಕೈ ಜೋಡಿಸಿ ಊರನ್ನು ಹಂಚಿಕೊಳ್ಳುವಾಗ ಇವರಿಗೆ ಸಿಕ್ಕಿದ್ದು ಜೈಲು. ‘ನುಕ್ಕಡ್’ನಲ್ಲಿ ಕ್ಷೌರಿಕ ಕರೀಂ, ಹೋಟೆಲಿನ ಖಾದರ್ ಭಾಯ್, ಭಿಕ್ಷೆ ಬೇಡುವ ಘನ್ಶು, ಕುಡುಕ ಖೋಪ್ಡಿ ಇದ್ದಾರೆ. ವಿನೋದ್ ಮತ್ತು ಸುಧೀರ್ ಜೈಲಿನಿಂದ ಹೊರಗೆ ಬಂದರೆ ಬೀಡಿ ಸೇದುತ್ತಾ ಕೂರುವ ಜಾಗ ಆ ಮೂಲೆಯೇ. ರಂಜಿತ್ ಮನೆ ಹಾಲ್‌ಗೆ ಅವರನ್ನು ಕರೆಯುವವರು ಯಾರು?

ರೀಲುಪೆಟ್ಟಿಗೆ:

ಮೂರನೇಬೆಂಚು, ಮನುಷ್ಯರ ವಿಷಯಕ್ಕೆ ಬಂದರೆ ನೀವು ಹೇಳಿದ್ದೇ ಸರಿ. ನಾನು ಹೇಳುತ್ತಿರುವುದು ನಗುವಿನ ವಿಷಯ. ‘ನುಕ್ಕಡ್’ನಲ್ಲಿ ಪ್ರೀತಿ ಜಾಸ್ತಿ, ಹುಚ್ಚಾಟ ಕಡಿಮೆ. ಖೋಪ್ಡಿಯಾಗಿ ಸಮೀರ್ ಖಖ್ಖರ್ ಮಾಡಿದ್ದು ಅದ್ಭುತ. ಆದರೆ ಅವನನ್ನು ನೋಡಿದರೆ ನಗುವಿನ ಜೊತೆ ಸಂಕಟವೂ ಆಗುತ್ತದೆ. ಶವಪೆಟ್ಟಿಗೆಯನ್ನು ಕಾರು ಅಂದುಕೊಂಡು, ಒಳಗಿರುವ ಹೆಣದ ಜೊತೆ ಮಾತಾಡಿ, ಗಾಡಿ ಕೆಟ್ಟಿದೆ ಅಂತ ಎಳೆದುಕೊಂಡು ಹೋಗುವ ಓಂ ಪುರಿಯ ಆಹುಜಾ ಇದ್ದಾನಲ್ಲ, ಆ ಹುಚ್ಚಾಟದ ವಂಶ ಮುಂದುವರಿದಿದ್ದು ‘ಯೇ ಜೋ ಹೈ ಜಿಂದಗಿ’ಯಲ್ಲೇ.

ಕಪ್ಪುಬಿಳುಪು:

ಇಲ್ಲೇ ನನ್ನ ಮೂಲ ತಕರಾರು ಇರುವುದು. ಅದನ್ನು ಸರಿಯಾಗಿ ಹೇಳಿಬಿಡುತ್ತೇನೆ.

ಸಿಟ್‌ಕಾಮ್, ಅಂದರೆ ಇಂಥ ಹಾಸ್ಯ ಧಾರಾವಾಹಿ, ಕಂತಿನ ಕೊನೆಗೆ ಮೊದಲಿದ್ದ ಜಾಗಕ್ಕೆ ವಾಪಸ್ ಬರಲೇಬೇಕು. ರಂಜಿತ್ ಮತ್ತು ರೇಣು ಎಷ್ಟೇ ಕಿತ್ತಾಡಿದರೂ ಮುಂದಿನ ಶುಕ್ರವಾರ ಮತ್ತೆ ಅದೇ ಸೋಫಾ. ರಾಜಾಗೆ ಕೆಲಸ ಸಿಕ್ಕಿಬಿಟ್ಟರೆ ಕಥೆಯೇ ಇಲ್ಲ. ರಂಜಿತ್, ರೇಣು ಆಗಿರುವ ಶಫಿ ಇನಾಮ್‌ದಾರ್ ಮತ್ತು ಸ್ವರೂಪ್ ಸಂಪತ್ ನಡುವೆ ಒಂದು ಆತ್ಮೀಯತೆ ಇದೆ, ನೋಡುವವರಿಗೆ ಧೈರ್ಯ ಇರುತ್ತದೆ. ಏನೂ ಕೆಡುವುದಿಲ್ಲ ಅನ್ನುವ ಧೈರ್ಯ.

ಸಿನಿಮಾ ಆ ಧೈರ್ಯವನ್ನೇ ಕಿತ್ತುಕೊಳ್ಳುತ್ತದೆ. ಎರಡು ಗಂಟೆ ನಗಿಸಿ, ಕೊನೆಗೆ ತಪ್ಪು ಮಾಡಿದವರೆಲ್ಲ ಒಂದಾಗುತ್ತಾರೆ. ಬಿಲ್ಡರ್ ಕಟ್ಟಿಸಿದ ಸೇತುವೆ ಬಿದ್ದ ಅಪರಾಧ ವಿನೋದ್, ಸುಧೀರ್ ತಲೆಗೆ ಬೀಳುತ್ತದೆ. ಹಿನ್ನೆಲೆಯಲ್ಲಿ ‘ಹಮ್ ಹೋಂಗೇ ಕಾಮ್‌ಯಾಬ್’. ಕೈದಿಗಳ ಬಟ್ಟೆಯಲ್ಲಿ ಮುಂಬೈ ಬೀದಿಯಲ್ಲಿ ನಡೆದುಕೊಂಡು ಬರುತ್ತಾರೆ. ನಮ್ಮ ಕಡೆ ತಿರುಗಿ ಕತ್ತು ಕೊಯ್ಯುವ ಸನ್ನೆ ಮಾಡುತ್ತಾರೆ. ಭಾರತದ ಹಾಸ್ಯಚಿತ್ರಗಳಲ್ಲಿ ಇಷ್ಟು ಕಹಿಯಾದ ಮುಕ್ತಾಯ ನಾನು ಬೇರೆ ನೋಡಿಲ್ಲ.

ಸೋಫಾಗೆ ವಾಪಸ್ ಬರುವ ಹಾಸ್ಯ, ವಾಪಸ್ ಬರಲು ಜಾಗವೇ ಇಲ್ಲದ ಹಾಸ್ಯ. ಇವೆರಡನ್ನೂ ಒಂದೇ ಅನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಶುಕ್ರವಾರ_ರಾತ್ರಿ:

ಇದು ಈ ಚರ್ಚೆಯ ಅತ್ಯುತ್ತಮ ಪೋಸ್ಟ್. ಒಪ್ಪದಿದ್ದರೂ ಹೇಳುತ್ತೇನೆ.

ನಟರ ಬಗ್ಗೆ ಒಂದು ಮಾತು. ಶಫಿ ಇನಾಮ್‌ದಾರ್ 1983ರ ‘ಅರ್ಧ್ ಸತ್ಯ’ದಲ್ಲಿ ಓಂ ಪುರಿ ಜೊತೆ ಪೊಲೀಸ್ ಅಧಿಕಾರಿ. ರಾಜಾ ಆಗಿದ್ದ ರಾಕೇಶ್ ಬೇಡಿ 1981ರ ‘ಚಶ್ಮೇ ಬದ್ದೂರ್’ನಲ್ಲಿ ರವಿ ಬಸ್ವಾನಿಯ ರೂಮ್‌ಮೇಟ್. ಅಂದರೆ ಆ ಕಾಲದ ಮುಂಬೈಯಲ್ಲಿ ಸಿನಿಮಾದವರು, ನಾಟಕದವರು, ಟಿವಿಯವರು ಅಂತ ಗೋಡೆ ಇರಲಿಲ್ಲ. ಪುಣೆಯ ಸಿನಿಮಾ ಶಾಲೆ ಎಫ್‌ಟಿಐಐ, ದೆಹಲಿಯ ನಾಟಕ ಶಾಲೆ ಎನ್‌ಎಸ್‌ಡಿಯಿಂದ ಬಂದವರು ಎಲ್ಲಿ ಕೆಲಸ ಇದ್ದರೆ ಅಲ್ಲಿಗೆ ಹೋಗುತ್ತಿದ್ದರು. ಆ ಧಾರಾವಾಹಿಗಳು ಇವತ್ತಿಗೂ ಹಳತಾಗಿಲ್ಲ ಅಂದರೆ ಅದೂ ಒಂದು ಕಾರಣ. ಚಿಕ್ಕ ಪಾತ್ರಕ್ಕೂ ಕಲಿತು ಬಂದ ನಟರು ಸಿಗುತ್ತಿದ್ದರು.

ಸಂಜೆಮಳೆ:

ಪಂಕಜ್ ಕಪೂರ್ ಅವರನ್ನು ಯಾರೂ ಹೇಳಲಿಲ್ಲ! ಈ ಸಿನಿಮಾದಲ್ಲಿ ಅವರು ಬಿಲ್ಡರ್ ತರ್ನೇಜಾ. ಕಮಿಷನರ್‌ನನ್ನು ಕೊಂಡುಕೊಂಡು, ಆಮೇಲೆ ಕೊಲ್ಲುವವನು. 2001ರಲ್ಲಿ ‘ಆಫೀಸ್ ಆಫೀಸ್’ನಲ್ಲಿ ಅದೇ ನಟ ಮುಸದ್ದಿಲಾಲ್. ಸರ್ಕಾರಿ ಕಚೇರಿಯ ಕೌಂಟರಿನಿಂದ ಕೌಂಟರಿಗೆ ಅಲೆಯುವ ಬಡಪಾಯಿ. ಲಂಚ ಕೊಡುವ ಕೈಯಿಂದ ಲಂಚಕ್ಕೆ ಸಿಕ್ಕಿ ನರಳುವ ಕೈಗೆ ಬಂದರು. ನನ್ನ ವಯಸ್ಸಿನವರಿಗೆ ಮುಸದ್ದಿಲಾಲ್ ಮೊದಲು, ತರ್ನೇಜಾ ಆಮೇಲೆ. ಸಿನಿಮಾ ನೋಡಿದಾಗ ಆ ಮೆಲುದನಿಯ ಕ್ರೌರ್ಯ ನೋಡಿ ನಡುಗಿಬಿಟ್ಟೆ.

ಹಗಲುವೇಷ:

‘ವಾಗ್ಲೆ ಕಿ ದುನಿಯಾ’ ಮರೆಯಬೇಡಿ. 1988. ನಮ್ಮ ಮೈಸೂರಿನ ಆರ್. ಕೆ. ಲಕ್ಷ್ಮಣ್ ಅವರ ಕಲ್ಪನೆ, ಕುಂದನ್ ಶಾ ಅವರ ನಿರ್ದೇಶನ. ಲಕ್ಷ್ಮಣ್ ಅವರ ಗೆರೆಯಲ್ಲಿದ್ದ ಸಾಮಾನ್ಯ ಮನುಷ್ಯನ ಪೇಚಾಟ ಅಂಜನ್ ಶ್ರೀವಾಸ್ತವ್ ಅವರ ಭುಜದಲ್ಲಿ ಕಾಣಿಸುತ್ತಿತ್ತು. ಭಾರತಿ ಅಚ್ರೇಕರ್ ಹೆಂಡತಿಯಾಗಿ ಅಷ್ಟೇ ಸಹಜ.

ರೀಲುಪೆಟ್ಟಿಗೆ:

ಹಗಲುವೇಷ ಅವರು ವಾಗ್ಲೆ ತಂದದ್ದು ಒಳ್ಳೆಯದಾಯಿತು. ಕಪ್ಪುಬಿಳುಪು ಅವರ ಪ್ರಶ್ನೆಗೆ ನನ್ನ ಉತ್ತರಕ್ಕೆ ಅದೇ ದಾರಿ.

ವರ್ಷಗಳನ್ನು ಸಾಲಾಗಿ ಇಟ್ಟು ನೋಡಿ. 1983ರಲ್ಲಿ ‘ಜಾನೇ ಭಿ ದೋ ಯಾರೋ’. ಕುಂದನ್ ಶಾ ಅವರ ಮುಂದಿನ ಸಿನಿಮಾ ‘ಕಭಿ ಹಾಂ ಕಭಿ ನಾ’ ತೆರೆಗೆ ಬಂದಿದ್ದು 1994ರಲ್ಲಿ. ನಡುವೆ ಹತ್ತು ವರ್ಷಕ್ಕೂ ಜಾಸ್ತಿ. ಅಷ್ಟು ಒಳ್ಳೇ ಮೊದಲ ಸಿನಿಮಾ ಮಾಡಿದವರು ಅಷ್ಟು ವರ್ಷ ದೊಡ್ಡ ತೆರೆಯಲ್ಲಿ ಇಲ್ಲ. ಆ ವರ್ಷಗಳಲ್ಲಿ ‘ಯೇ ಜೋ ಹೈ ಜಿಂದಗಿ’, ‘ನುಕ್ಕಡ್’, ‘ವಾಗ್ಲೆ ಕಿ ದುನಿಯಾ’ ಬಂದವು. ಅವರಿಗೆ ವಯಸ್ಸು, ಉತ್ಸಾಹ ಎರಡೂ ಇದ್ದ ಕಾಲದ ಕೆಲಸ ಅದು. ಅದನ್ನು ಸಿನಿಮಾದ ಪಕ್ಕದಲ್ಲಿಟ್ಟು ನೋಡದಿದ್ದರೆ ಅವರನ್ನು ಅರ್ಧ ಮಾತ್ರ ನೋಡಿದ ಹಾಗೆ.

‘ಕಭಿ ಹಾಂ ಕಭಿ ನಾ’ ನೋಡಿದರೆ ಟಿವಿ ಅವರಿಗೆ ಏನು ಕಲಿಸಿತು ಅಂತ ಗೊತ್ತಾಗುತ್ತದೆ. ನಾಯಕ ಸುನಿಲ್ ಸುಳ್ಳು ಹೇಳುತ್ತಾನೆ, ಪರೀಕ್ಷೆಯಲ್ಲಿ ಫೇಲ್ ಆಗುತ್ತಾನೆ, ಪ್ರೀತಿಸಿದ ಹುಡುಗಿಯೂ ಸಿಗುವುದಿಲ್ಲ. ಸೋಲು ‘ಜಾನೇ ಭಿ ದೋ ಯಾರೋ’ದಷ್ಟೇ ಪೂರ್ತಿ. ಆದರೆ ಇಲ್ಲಿ ಮನೆ ಇದೆ. ಅಪ್ಪನ ಪಾತ್ರದಲ್ಲಿ ವಾಗ್ಲೆಯ ಅಂಜನ್ ಶ್ರೀವಾಸ್ತವ್. ಪಾದ್ರಿಯಾಗಿ ನಾಸಿರುದ್ದೀನ್ ಶಾ. ಸತೀಶ್ ಶಾ, ರವಿ ಬಸ್ವಾನಿ ಇಬ್ಬರೂ ಇದ್ದಾರೆ. ಶಾರುಖ್ ಖಾನ್ ಕೂಡ ಅದಕ್ಕೆ ಮೊದಲು ‘ವಾಗ್ಲೆ’ಯ ಒಂದು ಕಂತಿನಲ್ಲಿ ಬಂದಿದ್ದರು. ಕಪ್ಪುಬಿಳುಪು ಅವರು ಹೇಳಿದ ಆ ಸೋಫಾ ಇದೆಯಲ್ಲ, ಅದನ್ನು ಅವರು ಸಿನಿಮಾಗೆ ತಂದರು. ಸೋತವನು ಕೂರಲು ಒಂದು ಜಾಗ ಕೊಟ್ಟರು.

ಹಾಗಾಗಿ ಎರಡನೇ ಭಾಗ ಅನ್ನುವ ನನ್ನ ಮಾತಿನ ಮೇಲೆ ನಾನು ನಿಲ್ಲುತ್ತೇನೆ. ‘ನುಕ್ಕಡ್’ ಕೂಡ ಅದರಲ್ಲಿ ಸೇರುತ್ತದೆ.

ಕಪ್ಪುಬಿಳುಪು:

ಈ ಹತ್ತು ವರ್ಷದ ಮಾತು ನನಗೆ ತಾಗಿತು. ಶರದ್ ಜೋಶಿಯವರ ಹೆಸರನ್ನೂ ಅದರಲ್ಲಿ ಸೇರಿಸಿದರೆ ನನ್ನ ಅರ್ಧ ತಕರಾರು ಮುಗಿಯುತ್ತದೆ. ಇನ್ನರ್ಧ, ಆ ಕೊನೇ ದೃಶ್ಯದ್ದು, ಹಾಗೇ ಇರಲಿ.

ಮೂರನೇಬೆಂಚು:

‘ನುಕ್ಕಡ್’ ಸೇರಿಸಿಕೊಂಡಿರಲ್ಲ, ಅಷ್ಟು ಸಾಕು.

ಸಂಜೆಮಳೆ:

ಈಗ ಎರಡನ್ನೂ ಮತ್ತೆ ನೋಡಬೇಕು ಅನ್ನಿಸುತ್ತಿದೆ. ಮನೆಯಲ್ಲಿ ಅಪ್ಪ ಅಮ್ಮ, ಕಾಲೇಜಿಗೆ ಹೋಗುವ ತಂಗಿ ಇದ್ದಾರೆ. ಎಲ್ಲಿಂದ ಶುರು ಮಾಡಲಿ?

ಆಂಟೆನಾ:

ಮೊದಲು ಸಿನಿಮಾ ಹಾಕಿ. ತಂಗಿಗೆ ಕಥೆ ಹೇಳಬೇಡಿ, ಮುಖ್ಯವಾಗಿ ಮಹಾಭಾರತದ ದೃಶ್ಯದ ಬಗ್ಗೆ ಏನೂ ಹೇಳಬೇಡಿ. ಮಾರನೇ ದಿನ ಶರದ್ ಜೋಶಿ ಬರೆದ ಕಂತುಗಳಲ್ಲಿ ಯಾವುದಾದರೂ ಒಂದು. ಸತೀಶ್ ಶಾ ಬಾಗಿಲು ತಟ್ಟಿ ಒಳಗೆ ಬರುವಾಗ ಅವರ ಕೈ ಎಲ್ಲಿದೆ, ಕತ್ತು ಯಾವ ಕಡೆ ವಾಲಿದೆ ಅಂತ ನೋಡಲು ಹೇಳಿ. ನಿನ್ನೆ ನೋಡಿದ ಡಿಮೆಲ್ಲೋ ಇವರೇ ಅಂತ ತಂಗಿ ತಾನಾಗಿ ಕಂಡುಹಿಡಿಯುತ್ತಾಳಾ ಅಂತ ಇಲ್ಲಿ ಬಂದು ತಿಳಿಸಿ.